ದೃಷ್ಟಾಂತದ ಡಬ್ಬಿ

ಕತ್ತರಿಯ ಸದ್ದು ನಿಂತಿತು. ಆಮೇಲೆ ತಗಡಿನ ಮುಚ್ಚಳ ಕಟ್ಟನೆ ತೆರೆದುಕೊಂಡಿತು.

ವಿನೋದಿನಿ ಕತ್ತಲಲ್ಲಿ ಕಣ್ಣು ಬಿಟ್ಟಳು. ಗುಳೇದಗುಡ್ಡದ ಆ ಓಣಿಯಲ್ಲಿ ಹಗಲೆಲ್ಲ ಮಗ್ಗದ ಸದ್ದು. ಮನೆಯೊಳಗಿನವರ ಜೊತೆ ಮಾತಾಡಬೇಕಾದರೂ ಗಂಟಲು ಏರಿಸಬೇಕು. ರಾತ್ರಿ ಹತ್ತರ ಮೇಲೆ ಕೊನೆಯ ಮಗ್ಗ ನಿಂತಾಗ ಮಾತ್ರ ಇಂಥ ಸಣ್ಣ ಸದ್ದು ಗೋಡೆ ದಾಟಿ ಬರುತ್ತಿತ್ತು. ಇದು ಶನಿವಾರದ ಸದ್ದು. ಪಡಸಾಲೆಯಲ್ಲಿ ಅವಳ ಮಾವ, ಸಭಾಪಾಲಕ ದಾನಿಯೇಲಪ್ಪ ಹಂಚಿನಾಳ, ನಾಳೆಯ ಪ್ರಸಂಗಕ್ಕೆ ದೃಷ್ಟಾಂತ ಹುಡುಕುತ್ತಿದ್ದರು. ವಾರದ ಪತ್ರಿಕೆಗಳಿಂದ ಯಾರದೋ ಅಪಘಾತ, ಯಾರದೋ ಔದಾರ್ಯ, ಯಾರದೋ ಪಶ್ಚಾತ್ತಾಪ ಕತ್ತರಿಸಿ ಕಾರ್ಡಿಗೆ ಅಂಟಿಸಿ ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಜೋಡಿಸುವುದು ಅವರ ಮೂವತ್ತು ವರ್ಷದ ರೂಢಿ. ಕತ್ತರಿ ನಿಂತು ಡಬ್ಬಿ ತೆರೆಯಿತೆಂದರೆ ಈ ವಾರ ಪೇಪರಿನಲ್ಲಿ ಏನೂ ಸಿಕ್ಕಿಲ್ಲ, ಹಳೆಯದಕ್ಕೆ ಕೈ ಹಾಕಿದ್ದಾರೆ ಎಂದು ಅರ್ಥ.

ಪಕ್ಕದಲ್ಲಿ ಗಂಡ ಎಲೀಷ ಗೊರಕೆ ಹೊಡೆಯುತ್ತಿದ್ದ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಆರು ದಿನ ಕಲ್ಲಿನ ಧೂಳು ಕುಡಿದು ಶನಿವಾರ ಸಂಜೆ ಬರುವವನಿಗೆ ಕತ್ತರಿ ಕೇಳಿಸುವುದಿಲ್ಲ. ಸೋಮವಾರ ನಸುಕಿನ ಬಸ್ಸು ಮಾತ್ರ ಕೇಳಿಸುತ್ತದೆ.

ಮರುದಿನ ಶ್ರಮಕಾಲದ, ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸದ, ಮೊದಲನೆಯ ಭಾನುವಾರ. ಆ ವರ್ಷ ಕ್ರೈಸ್ತರ ಶ್ರಮಕಾಲವೂ ಮುಸಲ್ಮಾನರ ರಂಜಾನೂ ಹೆಚ್ಚುಕಡಿಮೆ ಒಂದೇ ದಿನ ಹಿಡಿದಿದ್ದವು. ದಾನಿಯೇಲಪ್ಪನವರು ಪೀಠ ಹತ್ತಿ ಕಾರ್ಡನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಈಸ್ಟರ್ ಮುಗಿದ ಮೇಲೆ ಎಂದು ಬಾಗಲಕೋಟೆಯ ಡಾಕ್ಟರಿಗೆ ಹೇಳಿ ಬಂದಿದ್ದರು.

"ನನಗೆ ಗೊತ್ತಿರುವ ಒಂದು ಮನೆ," ಎಂದು ಅವರು ಪೀಠದ ಕನ್ನಡದಲ್ಲಿ ಆರಂಭಿಸಿದರು. "ಆ ಮನೆಯ ಸೊಸೆಗೆ ಏಳು ತಿಂಗಳಿಗೆ ಕೂಸು ಹುಟ್ಟಿತು. ಉಸಿರಿಲ್ಲದೆ ಹುಟ್ಟಿತು. ಕೊಟ್ಟ ದೇವರು ತಿರುಗಿ ಕೇಳಿದರು. ಆದರೆ ಆ ತಾಯಿ ಏನು ಮಾಡಿದಳು? ಕೂಸಿನ ತಲೆಗೆಂದು ಖಣದ ಬಟ್ಟೆಯಲ್ಲಿ ಹೊಲಿದಿದ್ದ ಕುಂಚಿಗೆಯನ್ನು ಇವತ್ತಿಗೂ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ಪ್ರಿಯರೇ, ಅದು ಕುಂಚಿಗೆಯಲ್ಲ. ಅದು ಅವಳ ವಿಗ್ರಹ!"

ಹೆಂಗಸರ ಸಾಲಿನಲ್ಲಿ ಸೆರಗುಗಳು ಸರಿದವು. ಮುಂದಿನ ಬೆಂಚಿನ ಮೂರು ತಲೆಗಳು ಹಿಂದಕ್ಕೆ ತಿರುಗಿ, ನೋಡಬೇಕಾದ್ದನ್ನು ನೋಡಿ, ಮತ್ತೆ ಮುಂದಕ್ಕೆ ತಿರುಗಿದವು. ಹೋದ ಶ್ರಾವಣದಲ್ಲಿ ಆ ಕೂಸಿನ ಮಣ್ಣಿಗೆ ಬಂದವರೇ ಅವರೆಲ್ಲ. ವಿನೋದಿನಿ ಹಾಡಿನ ಪುಸ್ತಕದಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತ ಕೂತಳು. ಪಕ್ಕದಲ್ಲಿ ಅತ್ತೆ ಸಗುಣಾಬಾಯಿ ನೆಲ ನೋಡುತ್ತಿದ್ದಳು. ದಿಂಬಿನ ಕೆಳಗೆ ಏನಿದೆ ಎಂಬುದು ಎಲೀಷನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ದಿನಾ ಹಾಸಿಗೆ ಝಾಡಿಸುವ ಅತ್ತೆ ಒಬ್ಬಳೇ.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ. ಶ್ರಮಕಾಲ ಮುಗಿಯುವವರೆಗೆ ಆ ಮನೆಯಲ್ಲಿ ಮಾಂಸ ಇಲ್ಲ. ಸಗುಣಾಬಾಯಿಯಂತೂ ಸಂಜೆಯವರೆಗೆ ನೀರು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ವಿನೋದಿನಿ ಬಡಿಸುತ್ತಿದ್ದಳು.

"ಮಾವಾರ, ಅದು ನನ್ನ ಸುದ್ದಿ," ಎಂದಳು ವಿನೋದಿನಿ, ರೊಟ್ಟಿ ಹಾಕುತ್ತ.

"ಯಾವುದು?"

"ಇವತ್ತ ಪೀಠದ ಮ್ಯಾಲೆ ಹೇಳಿದ್ದು."

"ಹೆಸರ ಹೇಳೇನೇನು ನಾ?"

"ಹೆಸರ ಹೇಳೂದೊಂದ ಬಾಕಿ ಇತ್ತರಿ."

"ಉಣ್ಣೂಮುಂದ ಬ್ಯಾಡ ಬಿಡು," ಎಂದ ಎಲೀಷ, ತಟ್ಟೆಯಿಂದ ತಲೆ ಎತ್ತದೆ.

ಗೋಡೆಗೆ ಒರಗಿ ಕೂತಿದ್ದ ಮರಿಯವ್ವ ಆಯಿ, ದಾನಿಯೇಲಪ್ಪನವರ ಹೆತ್ತ ತಾಯಿ, ಹಲ್ಲಿಲ್ಲದ ಬಾಯಲ್ಲಿ ರೊಟ್ಟಿ ಮೆತ್ತಗೆ ಮಾಡುತ್ತ ಕಿಸಕ್ಕನೆ ನಕ್ಕಳು. "ನಿಂದೇನ ತಗೀ ಯವ್ವಾ. ನನ್ನ ನಾಕ ಸಲ ಸಾಯಿಸ್ಯಾನ ಇಂವ ಪೀಠದ ಮ್ಯಾಲೆ. ಇಳಕಲ್ಲಾಗ ನನಗ ಕ್ಯಾನ್ಸರ ಆಗಿತ್ತಂತ, ಬಾದಾಮ್ಯಾಗ ಬಾವಿಗೆ ಬಿದ್ದಿದ್ದೆನಂತ. ಹುನಗುಂದದಾಗ ಒಬ್ಬಾಕಿ ನನ್ನ ಜೀವಂತ ನೋಡಿ ಹೌಹಾರಿ ಚೀರಿದ್ಲು."

"ಆಯಿ, ಸುಮ್ಮಕ ಉಣ್ಣು," ಎಂದರು ದಾನಿಯೇಲಪ್ಪನವರು. ಆಮೇಲೆ ಸೊಸೆಯ ಕಡೆ ತಿರುಗಿ, ತಪ್ಪೊಪ್ಪಿಕೊಳ್ಳುವವರ ಹಾಗಲ್ಲ, ಯಂತ್ರ ಕೆಟ್ಟದ್ದನ್ನು ವಿವರಿಸುವವರ ಹಾಗೆ ಹೇಳಿದರು: "ಮನಿ ಸುದ್ದಿ ಇದ್ದ ಕಾರ್ಡಿನ ಮೂಲಿಗೆ ನಾ ಕೆಂಪ ಗುರ್ತ ಹಾಕಿರ್ತೇನಿ. ಅಂಥಾದ್ದು ಹೊರಗಿನ ಊರಿಗೆ ಮಾತ್ರ. ಕಣ್ಣ ಕಾಣವಲ್ವು. ನಿನ್ನಿ ರಾತ್ರಿ ಗುರ್ತ ಕಾಣಲಿಲ್ಲ. ಅಷ್ಟ."

ವಿನೋದಿನಿಯ ಕೈಯಲ್ಲಿ ರೊಟ್ಟಿ ನಿಂತಿತು. "ಅಂದರ ಹೊರಗಿನ ಊರಾಗ ಮೊದಲ ಹೇಳೀರಿ?"

"ಎಷ್ಟ ಮಂದಿ ಅತ್ತಾರ ಗೊತ್ತೇನು ನಿನಗ? ಇಳಕಲ್ಲಾಗ ಒಬ್ಬಾಕಿ ಸತ್ತ ಗಂಡನ ಅಂಗಿ ತಂದ ನನ್ನ ಕಾಲ ಹಂತ್ಯಾಕ ಇಟ್ಟಳು. ಎಂಟ ವರ್ಷದಿಂದ ಟ್ರಂಕಿನ್ಯಾಗ ಇಟ್ಟಿದ್ಲಂತ."

ಅವಳು ಎದ್ದು ಹೋಗಿ ಡಬ್ಬಿ ತೆರೆದಳು. ಯಾರೂ ತಡೆಯಲಿಲ್ಲ. ಕಾರ್ಡು ಮೇಲೆಯೇ ಇತ್ತು. ತಲೆಬರಹ: 'ಸಮರ್ಪಣೆ'. ಒಂದೇ ಕಥೆಯನ್ನು ಒಂದೇ ಸಭೆಗೆ ಎರಡು ಸಲ ಹೇಳಬಾರದೆಂದು, ಹೇಳಿದ ಊರು ಮತ್ತು ತಾರೀಖನ್ನು ಅವರು ಕಾರ್ಡಿನ ಬೆನ್ನಿಗೆ ಬರೆಯುತ್ತಿದ್ದರು. ಇಳಕಲ್. ಹುನಗುಂದ. ಬಾಗಲಕೋಟೆ. ಕೆಳಗೆ ಪೆನ್ಸಿಲ್ಲಿನಲ್ಲಿ, ಇನ್ನೂ ಆಗದ ಒಂದು ತಾರೀಖು: ಬಾದಾಮಿ, ಶುಭಶುಕ್ರವಾರದ ಕೂಟ.

ಆ ಕೂಟಕ್ಕೆ ಬೆಟಗೇರಿಯಿಂದ ಹಾಡುವವರು ಬರುತ್ತಾರೆ. ಅವರಲ್ಲಿ ವಿನೋದಿನಿಯ ತಾಯಿಯೂ ಒಬ್ಬಳು. ಮಗಳು ಫೋನಿನಲ್ಲಿ, "ಎಲ್ಲಾ ಮರ್ತೀನವ್ವಾ, ಈಗ ಆರಾಮದೀನಿ," ಎಂದು ಹೇಳಿದ್ದನ್ನು ನಂಬಿಕೊಂಡು ನಿದ್ದೆ ಮಾಡುತ್ತಿರುವವಳು.

"ಮಾವಾರ, ಬಾದಾಮ್ಯಾಗ ಇದನ್ನ ಹೇಳಬ್ಯಾಡ್ರಿ. ಕೈ ಮುಗೀತೇನಿ."

ದಾನಿಯೇಲಪ್ಪನವರು ಕೈತೊಳೆದು ಬಾಯಿ ಒರೆಸಿಕೊಂಡರು. "ಇದಕ್ಕಿಂತ ಚಲೋದೊಂದ ಹುಡುಕಿಕೊಡು, ಬಿಡ್ತೇನಿ. ಬಿ.ಎ. ಓದೀಯಲ್ಲ? ಇನ್ನ ಮ್ಯಾಲೆ ಕಾರ್ಡ ನೀನ ಬರಿ, ದಪ್ಪ ಅಕ್ಷರದಾಗ. ಆದರ ಖರೇದಿರಬೇಕು. ಸುಳ್ಳಾದ್ರ ಮಂದಿ ಮೂಸಿ ನೋಡಿ ಬಿಟ್ಟಬಿಡ್ತಾರ."

ಹೀಗೆ ವಿನೋದಿನಿಗೆ ಹೊಸ ಕೆಲಸ ಹತ್ತಿತು. ಬೆಳಗಿನ ಮುಸುರೆ ಮುಗಿಸಿ, ಆಯಿಗೆ ಸ್ನಾನ ಮಾಡಿಸಿ, ಮಧ್ಯಾಹ್ನ ಪೇಪರು ಹರವಿಕೊಂಡು ಕೂರುತ್ತಿದ್ದಳು. ಮೊಬೈಲಿನಲ್ಲಿ ಹುಡುಕಿದಳು. ವಾಚನಾಲಯಕ್ಕೆ ಹೋಗಿ ಹಳೆಯ ಮಾಸಪತ್ರಿಕೆ ತಂದಳು. ಸಂಜೆ ಮಾವನ ಮುಂದೆ ಓದುತ್ತಿದ್ದಳು. ಅವರು ಕಣ್ಣು ಮುಚ್ಚಿ ಕೇಳಿ ಒಂದೊಂದನ್ನೇ ತಳ್ಳಿಹಾಕುತ್ತಿದ್ದರು.

"ಹಡಗ ಮುಳಗೂಮುಂದ ಲೈಫ್ ಜಾಕೆಟ್ ಬಿಟ್ಟುಕೊಟ್ಟವನ ಕಥಿ?"

"ಎಲ್ಲಾರ ಮೊಬೈಲಿಗೂ ಬಂದೈತಿ."

"ಕಿಡ್ನಿ ಕೊಟ್ಟ ಶಿಕ್ಷಕಿ?"

"ಹೊರದೇಶದ ಹೆಸರ. ಇಲ್ಲಿ ಮಂದಿಗೆ ಬಾಯಾಗ ತಿರಗೂದಿಲ್ಲ."

"ಮಗನ್ನ ಕೊಂದವನಿಗೆ ಕ್ಷಮಾ ಮಾಡಿದ ತಾಯಿ?"

"ಅದರಾಗ ಜೀವ ಇಲ್ಲ. ನಿನ್ನ ಕುಂಚಿಗಿ ನೋಡು. ಕೈಯಾಗ ಹಿಡದಂಗ ಆಗತೈತಿ. ಅಂಥಾದ್ದ ತಾ."

ಆರಾಧನೆಗೆ ಹೊಸದೇನಾದರೂ ಬೇಕೆಂದಾಗ ಮಾತ್ರ ಅವಳು ಹೇಳಿದ್ದನ್ನು ತಕ್ಷಣ ತೆಗೆದುಕೊಂಡರು. ಸಭೆಯಲ್ಲಿ ಅರ್ಧಕ್ಕರ್ಧ ನೇಯುವವರು. ಪ್ರತಿಯೊಬ್ಬರೂ ತಮ್ಮ ಮಗ್ಗದಲ್ಲಿ ಹರಿದ ಒಂದು ನೂಲು ತಂದು, ಮನಸ್ಸಿನ ಭಾರ ನೆನೆದು, ಬಲಿಪೀಠದ ಮುಂದೆ ಕಟ್ಟಿದ ಹಗ್ಗಕ್ಕೆ ಗಂಟು ಹಾಕಿ ಹೋಗಲಿ ಎಂದಿದ್ದಳು ವಿನೋದಿನಿ. ಎರಡನೆಯ ಭಾನುವಾರ ಹಗ್ಗದ ತುಂಬ ಬಣ್ಣಬಣ್ಣದ ನೂಲು ತೂಗಾಡಿದವು. ಮುದುಕರು ಅತ್ತರು. "ಇದನ್ನು ದೇವರು ನನಗೆ ರಾತ್ರಿ ಪ್ರಾರ್ಥನೆಯಲ್ಲಿ ತೋರಿಸಿದರು," ಎಂದು ದಾನಿಯೇಲಪ್ಪನವರು ಸಭೆಗೆ ತಿಳಿಸಿದರು.

ಆ ಭಾನುವಾರ ರಾತ್ರಿ ವಿನೋದಿನಿ ಗಂಡನಿಗೆ ಹೇಳಿದಳು: "ನೀವಾದ್ರೂ ಒಂದ ಮಾತ ಹೇಳ್ರಿ ಮಾವಾರಿಗೆ."

"ಏನಂತ ಹೇಳ್ಲಿ? ನಾ ಐದನೇ ಕ್ಲಾಸಿನ್ಯಾಗ ಇದ್ದಾಗ ಹಾಸಗ್ಯಾಗ ಉಚ್ಚಿ ಹೊಯ್ತಿದ್ದೆ. ಅದನ್ನೂ ಅಪ್ಪ ಪೀಠದ ಮ್ಯಾಲೆ ಹೇಳ್ಯಾನ. ನಮ್ಮ ಲಗ್ನದಾಗ ಬಾಗಲಕೋಟಿಯಾಂವ ಒಬ್ಬ ಕೈ ಕುಲುಕಿ ಅದನ್ನ ಕೇಳಿದ. ಅದಕ್ಕ ನಾ ಸತ್ತೇನೇನು?"

"ನಮ್ಮ ಕೂಸ ಸತ್ತೈತಿ."

ಎಲೀಷ ಗೋಡೆಯ ಕಡೆ ಹೊರಳಿದ. ಸ್ವಲ್ಪ ಹೊತ್ತಿಗೆ, "ದಿಂಬಿನ ಕೆಳಗ ಅದನ್ನ ಇನ್ನೂ ಇಟ್ಟೀಯೇನು? ತಗದಿಡು ಎಲ್ಲೆರೆ," ಎಂದ.

ಮೂರನೆಯ ವಾರ ದಾನಿಯೇಲಪ್ಪನವರೇ ಒಂದು ದಾರಿ ತೋರಿಸಿದರು. "ಕೆರೂರ ಸಂತ್ಯಾಗ ರದ್ದಿ ಅಂಗಡಿ ಐತಿ. ಹಳೇ ಪುಸ್ತಕ ಕಟ್ಟಗಟ್ಟಲೆ ಬರ್ತಾವು. ನಿಮ್ಮತ್ತಿ ವಾರಾ ಕಾಯಿಪಲ್ಯಾಕ ಹೋಗ್ತಾಳ. ಅಕಿ ಸಂಗಾಟ ಹೋಗು."

ಸಗುಣಾಬಾಯಿ ಚಹಾ ಸೋಸುತ್ತಿದ್ದವಳು ತಲೆ ಎತ್ತಿದಳು. "ಅಕಿ ಯಾಕ? ನಾನ ತರ್ತೇನಿ."

"ನಿನಗ ಏನ ಗೊತ್ತಾಗತೈತಿ? ಅಕಿ ಓದಿದಾಕಿ."

ಸಂತೆಯ ದಿನ ಬಸ್ಸಿನಲ್ಲಿ ಸಗುಣಾಬಾಯಿ ಕಿಟಕಿಯ ಪಕ್ಕ ಕೂತಳು. ತೊಡೆಯ ಮೇಲೆ ನೀಲಿ ವಸ್ತ್ರದಲ್ಲಿ ಬಿಗಿದು ಕಟ್ಟಿದ ಬುತ್ತಿ ಡಬ್ಬಿ. ಉಪವಾಸ ಇರುವವಳಿಗೆ ಬುತ್ತಿ ಯಾಕೆ ಎಂದು ವಿನೋದಿನಿ ಕೇಳಲಿಲ್ಲ, ನೋಡಿಟ್ಟುಕೊಂಡಳು. ಕೆರೂರಿನಲ್ಲಿ ಇಳಿದ ಕೂಡಲೆ ಅತ್ತೆ, "ನೀ ರದ್ದಿ ಅಂಗಡಿಗೆ ನಡಿ. ಎರಡಕ್ಕ ಬಸ್ ಸ್ಟ್ಯಾಂಡಿಗೆ ಬಾ," ಎಂದು ಸಂತೆಯೊಳಗೆ ಹೊಕ್ಕಳು.

ರದ್ದಿ ಅಂಗಡಿಯಲ್ಲಿ ಹಳೆಯ ಗೈಡುಗಳು ಬಿಟ್ಟರೆ ಏನೂ ಇರಲಿಲ್ಲ. ವಿನೋದಿನಿ ಬೇಗನೆ ಹೊರಬಿದ್ದಳು. ಬಳೆ ಅಂಗಡಿಗಳ ಸಾಲಿನಲ್ಲಿ ಬರುವಾಗ, ಮೂರನೆಯ ಅಂಗಡಿಯ ಒಳಗೆ, ಪರದೆಯ ಪಕ್ಕದಲ್ಲಿ ಅತ್ತೆ ಕಂಡಳು. ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮನೆಯಲ್ಲಿ ಅವಳು ಕಾಲು ಚಾಚಿದ್ದನ್ನು ವಿನೋದಿನಿ ನೋಡಿರಲಿಲ್ಲ. ಎದುರಿಗೆ ಬುರ್ಖಾದ ಮುಸುಕು ಹಿಂದೆ ಸರಿಸಿದ ಒಬ್ಬ ಹೆಂಗಸು. ಅತ್ತೆಯದೇ ಚೂಪು ಮೂಗು, ನಗುವಾಗ ಕಿವಿ ಹಿಡಿದುಕೊಳ್ಳುವ ಅತ್ತೆಯದೇ ಚಾಳಿ. ಇಬ್ಬರ ನಡುವೆ ಎರಡು ಡಬ್ಬಿ, ಎರಡೂ ಬಿಚ್ಚಿರಲಿಲ್ಲ. ಹಣದ ಗಲ್ಲೆಯ ಮೇಲೆ ಕೂತಿದ್ದ ಬಿಳಿಗಡ್ಡದ ಯಜಮಾನ ಏನೋ ಅಂದ. ಇಬ್ಬರೂ ಒಟ್ಟಿಗೆ ನಕ್ಕರು.

ಸಗುಣಾಬಾಯಿ ತಿರುಗಿದಳು. ಸೊಸೆಯನ್ನು ನೋಡಿದಳು. ನಗು ಹಾಗೇ ನಿಂತಿತು.

ತಿರುಗಿ ಬರುವ ಬಸ್ಸಿನಲ್ಲಿ ಅವಳೇ ಮಾತು ತೆಗೆದಳು.

"ನಮ್ಮಕ್ಕ. ಹುಟ್ಟಿದ ಹೆಸರ ಸುನಂದಾ. ಈಗ ಬಾನುಬಿ. ಅಯೂಬ ಸಾಹೇಬರನ್ನ ಲಗ್ನಾಗಿ ಮೂವತ್ತಮೂರ ವರ್ಷ ಆತು. ಅವತ್ತಿನಿಂದ ನಿಮ್ಮ ಮಾವ ಅಕಿ ಹೆಸರ ಮನ್ಯಾಗ ತಗಿಯೂಹಂಗಿಲ್ಲ ಅಂದಾರ. ಇಪ್ಪತ್ತ ವರ್ಷ ಅಕಿ ಮಾರಿ ನೋಡಿದ್ದಿಲ್ಲ ನಾ. ನಮ್ಮವ್ವ ಸತ್ತಾಗ ಮಣ್ಣಿಗೆ ಬಂದ್ಲು. ಗೇಟಿನ ಹೊರಗ ನಿಂದ್ರಸಿದ್ರು. ಈಗ ವಾರಕ್ಕ ಒಂದ ತಾಸು. ಅಕಿಗೂ ಉಪಾಸ, ನನಗೂ ಉಪಾಸ. ಅಕಿ ಬುತ್ತಿ ನಾ ಒಯ್ತೇನಿ, ನನ್ನ ಬುತ್ತಿ ಅಕಿ ಒಯ್ತಾಳ. ಹೊತ್ತ ಮುಣಗಿದ ಮ್ಯಾಲೆ ಬಿಚ್ಚತೇವಿ." ಅವಳು ಕಿಟಕಿಯ ಹೊರಗೆ ನೋಡಿದಳು. "ನೋಡಿದ್ಯಲ್ಲ. ಇನ್ನ ಹೊಟ್ಟ್ಯಾಗ ಇಟ್ಕೋ."

"ನನ್ನ ಕುಂಚಿಗಿ ಸುದ್ದಿ ಹೊಟ್ಟ್ಯಾಗ ಇಟ್ಕೊಂಡ್ರೇನ್ರಿ ನೀವು?"

ಸಗುಣಾಬಾಯಿ ಟಿಕೀಟನ್ನು ಮಡಚತೊಡಗಿದಳು. ಕಂಡಕ್ಟರ್ ಬಂದು ಹೋದ.

"ಅವರು ದಿನಾ ರಾತ್ರಿ ಕೇಳ್ತಾರ. ಮನ್ಯಾಗ ಏನ ನಡದೈತಿ, ಯಾರೇನಂದ್ರು, ಯಾರ ಅತ್ರು. ಏನರೆ ಕೊಡಬೇಕಲ್ಲ. ಅವತ್ತ, ಸಂತಿಯಿಂದ ಯಾಕ ತಡಾ ಆತು ಅಂತ ಕೇಳಾಕ ಹತ್ತಿದ್ರು. ಇದನ್ನ ಮುಚ್ಚಾಕ ಅದನ್ನ ಕೊಟ್ಟೆ."

ಅದಕ್ಕೆ ಕ್ಷಮೆಯ ಮಾತು ಅವಳು ಸೇರಿಸಲಿಲ್ಲ. ವಿನೋದಿನಿಯೂ ಕೇಳಲಿಲ್ಲ.

ಮುಂದಿನ ನಾಲ್ಕು ದಿನ ವಿನೋದಿನಿ ಬೇರೆ ಕಥೆ ಹುಡುಕಿದಳು. ನಿಜವಾಗಿಯೂ ಹುಡುಕಿದಳು. ಪ್ರವಾಹ, ಬೆಂಕಿ, ಅಂಗದಾನ, ಜೈಲಿನಿಂದ ಬಿಡುಗಡೆಯಾದವರು. ದಾನಿಯೇಲಪ್ಪನವರು ಒಂದೊಂದಕ್ಕೂ ತಲೆಯಾಡಿಸಿ, ಶುಕ್ರವಾರ ಸಂಜೆ, "ನಿನ್ನ ಕೈಲಿ ಆಗೂದಿಲ್ಲ ಬಿಡು. ಬಾದಾಮಿಗೆ ಕುಂಚಿಗೀನ ಸೈ. ನಿಮ್ಮವ್ವನೂ ಬರ್ತಾಳಂತಲ್ಲ, ಕೇಳಿ ಹಗರಾಗ್ತಾಳ," ಎಂದರು.

ಆ ರಾತ್ರಿ ಅಡಿಗೆಮನೆಯಲ್ಲಿ ಕೂತು ಅವಳು ಕಾರ್ಡು ಬರೆದಳು. ಪದ ಆರಿಸಿ ಆರಿಸಿ ಬರೆದಳು. ಊರನ್ನು ವಿಜಯಪುರ ಮಾಡಿದಳು. ಬಳೆ ಅಂಗಡಿಯನ್ನು ಬಟ್ಟೆ ಅಂಗಡಿ ಮಾಡಿದಳು. ಅಕ್ಕನನ್ನು ತಂಗಿ ಮಾಡಿದಳು. ಇಬ್ಬರು ಒಡಹುಟ್ಟಿದವರು, ಎರಡು ಧರ್ಮದ ಎರಡು ಉಪವಾಸ, ನಡುವೆ ಬಿಚ್ಚದ ಎರಡು ಬುತ್ತಿ. ದೇವರ ಪ್ರೀತಿಗೆ ಮನುಷ್ಯರು ಕಟ್ಟಿದ ಗೋಡೆ ಅಡ್ಡ ಬರುವುದಿಲ್ಲ ಎಂದು ಕೊನೆಯ ಸಾಲು ಬರೆದಳು. ಓದಿ ನೋಡಿದಳು. ಚೆನ್ನಾಗಿತ್ತು. ಇದರಿಂದ ಯಾರಿಗೂ ಕೇಡಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವಷ್ಟು ಚೆನ್ನಾಗಿತ್ತು. ತಲೆಬರಹದ ಜಾಗ ಮಾತ್ರ ಖಾಲಿ ಬಿಟ್ಟಳು. ತಲೆಬರಹ ಹಾಕುವುದು ಯಾವಾಗಲೂ ಮಾವನ ಕೆಲಸ.

ದಾನಿಯೇಲಪ್ಪನವರು ಕಾರ್ಡನ್ನು ಮೂಗಿಗೆ ಹಿಡಿದು ದಪ್ಪ ಅಕ್ಷರಗಳ ಮೇಲೆ ನಿಧಾನವಾಗಿ ಕಣ್ಣು ಎಳೆದರು. ಕೊನೆ ಮುಟ್ಟಿದರು. ಮತ್ತೆ ಮೊದಲಿಂದ ಓದಿದರು.

"ಯಾವ ಪೇಪರದಾಗ ಬಂದಿತ್ತು?"

"ಹಳೇದ್ರಿ. ರದ್ದ್ಯಾಗ ಸಿಕ್ತು."

"ಡಬ್ಬಿಗೆ ನೀಲಿ ವಸ್ತ್ರ ಕಟ್ಟಿದ್ಲು ಅಂತನೂ ಪೇಪರದಾಗ ಬರದಿತ್ತೇನು?"

ವಿನೋದಿನಿಯ ಕಣ್ಣು ಕಾರ್ಡಿನತ್ತ ಹೋಯಿತು. ಎಲ್ಲವನ್ನೂ ಬದಲಿಸಿದವಳು, ಕೈಯಲ್ಲಿ ಹಿಡಿದ ಹಾಗೆ ಇರಲಿ ಎಂದು ಅದೊಂದನ್ನು ಹಾಗೇ ಬಿಟ್ಟಿದ್ದಳು. ಆ ನೀಲಿ ವಸ್ತ್ರ ದಿನಾ ಅಡಿಗೆಮನೆಯ ಗೂಟಕ್ಕೆ ತೂಗುತ್ತಿತ್ತು.

"ಹೌದ್ರಿ," ಎಂದಳು.

"ಚಲೋ ಐತಿ," ಎಂದರು ಅವರು. "ಭಾಳ ಚಲೋ ಐತಿ. ಇದನ್ನ ಇಲ್ಲೇ ಹೇಳ್ತೇನಿ." ಪೆನ್ನು ತೆಗೆದು ಖಾಲಿ ಜಾಗದಲ್ಲಿ ತಡಕಾಡುತ್ತ ಬರೆದರು. ಏನು ಬರೆದರೆಂದು ಅವಳಿಗೆ ತೋರಿಸಲಿಲ್ಲ.

ನಾಲ್ಕನೆಯ ಭಾನುವಾರ ಅವರು ಕಾರ್ಡು ಕೈಯಲ್ಲಿ ಹಿಡಿದರೂ ಅದನ್ನು ನೋಡಲಿಲ್ಲ. ಹೆಂಗಸರ ಸಾಲನ್ನು ನೋಡಿದರು.

"ಹಿಂದಿರುಗಿ ನೋಡುವವಳು. ಇದು ಇವತ್ತಿನ ವಿಷಯ," ಎಂದರು, ಖಾಲಿ ಜಾಗಕ್ಕೆ ತಾವು ಹಾಕಿದ ತಲೆಬರಹವನ್ನೇ ಹೇಳುತ್ತ. "ವಿಜಯಪುರದಲ್ಲಿ ನಡೆದದ್ದು. ಇನ್ನೂ ಹತ್ತಿರದಲ್ಲೂ ನಡೆದೀತು. ಒಬ್ಬಳು ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವಳು. ಹಗಲೆಲ್ಲ ಉಪವಾಸ. ಎಲ್ಲರೂ ನೋಡಿ, ಎಂಥ ಭಕ್ತಿ ಎನ್ನುತ್ತಾರೆ. ಆದರೆ ಸಂಜೆ ಆ ಉಪವಾಸ ಮುರಿಯುವುದು ಯಾರ ಕೈಯ ಬುತ್ತಿಯಿಂದ? ನೀಲಿ ವಸ್ತ್ರದಲ್ಲಿ ಕಟ್ಟಿದ ಡಬ್ಬಿ. ಸಭೆಯನ್ನು ಒದ್ದು ಹೋದವಳ ಡಬ್ಬಿ!"

ವಿನೋದಿನಿ ಬರೆದ ಒಂದು ವಿವರವೂ ಬಿಟ್ಟುಹೋಗಲಿಲ್ಲ. ಕೊನೆಯ ಸಾಲು ಮಾತ್ರ ಬರಲಿಲ್ಲ.

"ನಮ್ಮ ನಡುವೆ ಅಂಥ ಡಬ್ಬಿ ಇದ್ದವರು ಯಾರಾದರೂ ಇದ್ದರೆ ಎದ್ದು ನಿಲ್ಲಲಿ. ಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ." ಅವರು ಕಾದರು. ಫ್ಯಾನು ತಿರುಗುತ್ತಿತ್ತು. ಹಿಂದೆ ಯಾರೋ ಕೆಮ್ಮಿದರು. ಅವರು ಕಾಯುತ್ತಲೇ ಇದ್ದರು. ಇಂಥ ಮೌನವನ್ನು ಎಷ್ಟು ಹೊತ್ತು ಹಿಡಿಯಬೇಕೆಂದು ಅವರಿಗೆ ಗೊತ್ತಿತ್ತು.

ಸಗುಣಾಬಾಯಿ ಎದ್ದು ನಿಂತಳು. ಏಳುವಾಗ ಸೊಸೆಯ ಭುಜ ಹಿಡಿದಳು.

ದಾನಿಯೇಲಪ್ಪನವರು ಪೀಠ ಇಳಿದು ಜುಬ್ಬಾದ ಕಿಸೆಯಿಂದ ಕತ್ತರಿ ತೆಗೆದರು. ಪೇಪರು ಕತ್ತರಿಸುವ ಕತ್ತರಿ. ಮೊದಲೇ ಕಿಸೆಯಲ್ಲಿ ಇಟ್ಟುಕೊಂಡು ಬಂದಿದ್ದರು. "ಸಹೋದರೀ, ನಿನ್ನ ನೂಲು ಯಾವುದು, ತೋರಿಸು."

ಎರಡು ವಾರದ ಹಿಂದೆ ಹಗ್ಗಕ್ಕೆ ಕಟ್ಟಿದ ನೂಲುಗಳಲ್ಲಿ ಸಗುಣಾಬಾಯಿ ಹಸಿರು ಬಣ್ಣದ್ದೊಂದನ್ನು ಮುಟ್ಟಿದಳು.

"ನಿನ್ನ ಕೈಯಿಂದಲೇ ಕತ್ತರಿಸು."

ಕರ್ ಎಂದಿತು. ಸಭೆ ಹಲ್ಲೆಲೂಯಾ ಎಂದಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಮೊದಲ ಭಾನುವಾರ ವಿನೋದಿನಿಯ ಕಡೆ ತಿರುಗಿದ್ದ ಮೂರು ತಲೆಗಳು ಈಗ ಅತ್ತೆಯನ್ನು ನೋಡುತ್ತಿದ್ದವು. ತನ್ನನ್ನು ನೋಡುತ್ತಿಲ್ಲ ಎಂಬ ಸಮಾಧಾನ ಒಂದು ಕ್ಷಣ ಎದೆಯಲ್ಲಿ ತಣ್ಣಗೆ ಸುಳಿದದ್ದು ವಿನೋದಿನಿಗೆ ಗೊತ್ತಾಯಿತು.

ಮನೆಗೆ ಬಂದು ಸಗುಣಾಬಾಯಿ ಎಂದಿನಂತೆ ಒಲೆ ಹೊತ್ತಿಸಿದಳು. ಹಿಟ್ಟು ನಾದಿದಳು. ಏಳೆಂಟು ರೊಟ್ಟಿ ಆದ ಮೇಲೆ, ಬೆನ್ನು ತಿರುಗಿಸಿಯೇ ಕೇಳಿದಳು.

"ನಿಮಗ ಯಾರ ಹೇಳಿದ್ರು?"

"ಯಾರ ಹೇಳ್ತಾರ? ನಿಮ್ಮಕ್ಕನ." ದಾನಿಯೇಲಪ್ಪನವರು ತಟ್ಟೆಯಲ್ಲಿನ ಶೇಂಗಾ ಚಟ್ನಿಪುಡಿಗೆ ಎಣ್ಣೆ ಕಲಸುತ್ತಿದ್ದರು. "ಸಂತಿ ತುಂಬ ಹೇಳ್ಕೋತ ತಿರಗ್ಯಾಡಾಕತ್ಯಾಳಂತ. ಪಾದ್ರಿ ಹೇಣ್ತಿ ನನ್ನ ಕೈಯಾಗಿನ ಬುತ್ತಿಗೆ ಕಾದಿರ್ತಾಳ ಅಂತ. ನಿನ್ನ ಮುಂದ ನಗತಾಳ, ನಿನ್ನ ಹಿಂದನೂ ನಗತಾಳ."

"ಅಕಿ ಹಂಗ ಅನ್ನಾಕಿಲ್ಲ."

"ವಿನೋದಿನಿ, ಅವತ್ತ ನೀನೂ ಹೋಗಿದ್ದೆಲ್ಲ. ಕಿವೀಲೆ ಕೇಳಿಲ್ಲೇನು?"

ಮಾವನ ಮಂಜುಗಟ್ಟಿದ ಕಣ್ಣುಗಳು ಅವಳ ಮೇಲೆ ನಿಂತವು. ಕಾಣುವುದಿಲ್ಲ ಎನ್ನುವ ಕಣ್ಣುಗಳು. ಎಲೀಷ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದ. ಒಲೆಯ ಮುಂದೆ ಸಗುಣಾಬಾಯಿಯ ಕೈ ಹಿಟ್ಟಿನ ಮೇಲೆ ನಿಂತಿತ್ತು. ಇಲ್ಲ ಎಂದರೆ ಮುಂದಿನ ಪ್ರಶ್ನೆ ಏನೆಂದು ವಿನೋದಿನಿಗೆ ಗೊತ್ತಿತ್ತು.

"ಬಳಿ ಅಂಗಡಿ ಹಂತ್ಯಾಕ... ಯಾರೋ ಹಂಗ ಅಂದಂಗಾತ್ರಿ," ಎಂದಳು.

"ಸುನಂದಿ ಅಂಥಾ ಹುಡುಗಿ ಅಲ್ಲ," ಎಂದಳು ಮರಿಯವ್ವ ಆಯಿ ಮೂಲೆಯಿಂದ. ಆಯಿಯ ಮಾತನ್ನು ಆ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಸಗುಣಾಬಾಯಿ ಇನ್ನೊಂದು ಉಂಡೆ ಕೈಗೆತ್ತಿಕೊಂಡು ಬಡಿಯತೊಡಗಿದಳು. ಆ ರೊಟ್ಟಿ ಹರಿಯಿತು. ಮತ್ತೆ ಕೂಡಿಸಿ ಬಡಿದಳು.

ಊಟದ ನಂತರ ದಾನಿಯೇಲಪ್ಪನವರು ಸೊಸೆಯನ್ನು ಪಡಸಾಲೆಗೆ ಕರೆದರು. ಡಬ್ಬಿಯಿಂದ ಒಂದು ಕಾರ್ಡು ತೆಗೆದು ಕೊಟ್ಟರು. ಮೂಲೆಯಲ್ಲಿ ಕೆಂಪು ಗುರುತು. 'ಸಮರ್ಪಣೆ'.

"ತಗೋ. ಕೊಟ್ಟ ಮಾತ."

"ಹಂಗಾರ ಬಾದಾಮ್ಯಾಗ ಇದನ್ನ ಹೇಳೂದಿಲ್ಲಲ್ರಿ?"

"ಬಾದಾಮ್ಯಾಗ ಸಮರ್ಪಣೆ ವಿಷಯ ಕೊಟ್ಟಾರವಾ ನನಗ. ಬುತ್ತಿ ಕಥಿ ಅಲ್ಲಿ ಹೊಂದೂದಿಲ್ಲ." ಅವರು ಹಾಸಿಗೆಯ ಮೇಲೆ ಅಡ್ಡಾದರು. "ಕಾರ್ಡ ನೀ ಇಟ್ಕೋ. ಅದು ನನಗ ಬಾಯಿಪಾಠ ಐತಿ."

ವಿನೋದಿನಿ ಕಾರ್ಡನ್ನು ಒಲೆಗೆ ಹಾಕಿದಳು. ಅದು ಸುರುಳಿಯಾಗಿ ಸುಟ್ಟಿತು. ಸುಟ್ಟದ್ದು ಕಾರ್ಡು ಮಾತ್ರ.

ಮುಂದಿನ ಸಂತೆಗೆ ಸಗುಣಾಬಾಯಿ ಹೋಗಲಿಲ್ಲ. ಅದರ ಮುಂದಿನ ಸಂತೆಯ ಹೊತ್ತಿಗೆ ರಂಜಾನ್ ಮುಗಿದು ಹಬ್ಬವೂ ಆಗಿತ್ತು. ಬೆಳಿಗ್ಗೆ ಅವಳು ಒಂದು ಖಾಲಿ ಡಬ್ಬಿಯನ್ನು ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆದು ಸೊಸೆಯ ಕೈಗಿಟ್ಟಳು. ವಸ್ತ್ರ ಕಟ್ಟಿರಲಿಲ್ಲ.

"ಇದು ಅಕಿದು. ನನ್ನ ಹಂತ್ಯಾಕ ಉಳದೈತಿ. ಕೊಟ್ಟ ಬಾ. ಒಳಗ ಹೋಗಬ್ಯಾಡ, ನೀರ ಸೈತ ಕುಡೀಬ್ಯಾಡ. ಇನ್ನ ಮ್ಯಾಲೆ ನನಗ ಅಕ್ಕ ಇಲ್ಲಂತ ಹೇಳು. ಯಾಕಂತ ಅಕಿಗೇ ಗೊತ್ತೈತಿ."

ಬಳೆ ಅಂಗಡಿಯ ಹೊರಗೆ ವಿನೋದಿನಿಯನ್ನು ಕಂಡ ಕೂಡಲೆ ಅಯೂಬ ಸಾಹೇಬರು ಗಲ್ಲೆ ಬಿಟ್ಟು ಎದ್ದರು. "ಬಾ ಬೇಟಿ, ಬಿಸಲಾಗ ಯಾಕ ನಿಂತಿ? ಬಾನೂ, ಗುಳೇದಗುಡ್ಡದಾಕಿ ಬಂದಾಳ ನೋಡು!"

ಬಾನುಬಿ ಪರದೆ ಸರಿಸಿ ಓಡಿಬಂದಳು. ಅವಳ ಕಣ್ಣು ವಿನೋದಿನಿಯ ಬೆನ್ನ ಹಿಂದೆ ಹುಡುಕಿತು. "ಸಗುಣಿ ಎಲ್ಲಿ? ಎರಡ ವಾರ ಆತು. ಆರಾಮ ಅದಾಳಿಲ್ಲೋ?"

"ಮೊಣಕಾಲ ನೋವ್ರಿ."

"ನಾ ಹೇಳಿದ್ದೆ, ಉಪಾಸ ಬಿಡಂತ. ಕೇಳೂದಿಲ್ಲ, ಹಟಮಾರಿ." ಖಾಲಿ ಡಬ್ಬಿ ತೆಗೆದುಕೊಂಡು ಒಳಗೆ ಹೋದವಳು ಅದನ್ನೇ ತುಂಬಿಸಿ ತಂದಳು. ಹಾಲುಶಾವಿಗೆಯ ಪಾಯಸ, ಬೆಚ್ಚಗಿತ್ತು. "ಸುರಕುಂಬಾ. ಹಬ್ಬದ ದಿನದ್ದಲ್ಲ, ಅಕಿ ಬರ್ತಾಳಂತ ಇವತ್ತ ಮತ್ತ ಮಾಡೀನಿ. ಖಜೂರ ಜಾಸ್ತಿ ಹಾಕೀನಿ, ಅಕಿಗೆ ಸೇರತೈತಿ. ನೀನೂ ಉಣ್ಣು." ಆಮೇಲೆ ದನಿ ತಗ್ಗಿಸಿ ವಿನೋದಿನಿಯ ಗಲ್ಲ ಮುಟ್ಟಿದಳು. "ನಿನ್ನ ಕೂಸ ಹೋತಲ್ಲವಾ, ಅವತ್ತ ಸಗುಣಿ ಇಲ್ಲಿ ಬಂದ ಭಾಳ ಅತ್ಲು. ಇದ ಜಾಗಾದಾಗ ಬಿದ್ದ ಹೊಳ್ಳ್ಯಾಡಿ ಅತ್ಲು. ಮನ್ಯಾಗ ಅಳಾಕ ಬರೂದಿಲ್ಲಕ್ಕ, ಅತ್ರ ಅವರು ಬರಕೋತಾರ ಅಂದ್ಲು."

ವಿನೋದಿನಿ ಡಬ್ಬಿ ಹಿಡಿದುಕೊಂಡು ನಿಂತಳು. ಅತ್ತೆ ಹೇಳಿಕಳಿಸಿದ ಮಾತು ಬಾಯಿಗೆ ಬರಲಿಲ್ಲ.

"ಮುಂದಿನ ಸಂತಿಗೆ ಕಳಸವಾ ಅಕಿನ," ಎಂದಳು ಬಾನುಬಿ. "ಬರಾಕ ಆಗದಿದ್ರ ಒಂದ ಫೋನ ಮಾಡಿಸು. ದನಿ ಕೇಳಿದ್ರ ಸಾಕು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಡಬ್ಬಿಯ ಬಿಸಿ ಸೀರೆಯ ಮೂಲಕ ತೊಡೆಗೆ ತಾಗುತ್ತಿತ್ತು. ವಿನೋದಿನಿ ಒಂದೊಂದೇ ಹೆಜ್ಜೆ ಯೋಚಿಸಿದಳು. ಈ ಡಬ್ಬಿ ಮನೆಗೆ ಹೋದರೆ ಅತ್ತೆ ಮುಚ್ಚಳ ತೆಗೆಯುತ್ತಾಳೆ. ಖಜೂರ ನೋಡುತ್ತಾಳೆ. ಆಡಿಕೊಂಡು ನಗುವವಳು ಇಷ್ಟು ಖಜೂರ ಹಾಕುವುದಿಲ್ಲ ಎಂದು ಅವಳಿಗೆ ಗೊತ್ತಾಗುತ್ತದೆ. ಫೋನು ಮಾಡುತ್ತಾಳೆ. ನೀ ಯಾರಿಗೆ ಹೇಳಿದಿ ಎನ್ನುತ್ತಾಳೆ. ನಾ ಯಾರಿಗೂ ಹೇಳಿಲ್ಲ ಎನ್ನುತ್ತಾಳೆ ಅಕ್ಕ. ಹಾಗಾದರೆ ನೀಲಿ ವಸ್ತ್ರದ ಸುದ್ದಿ ಗೊತ್ತಿದ್ದವರು ಇನ್ನು ಯಾರು ಉಳಿಯುತ್ತಾರೆ? ಆ ಮನೆಯಲ್ಲಿ ವಿನೋದಿನಿ ಇನ್ನೂ ನಲವತ್ತು ವರ್ಷ ರೊಟ್ಟಿ ಬಡಿಯಬೇಕು.

ಗುಳೇದಗುಡ್ಡ ಬಂದಾಗ ಡಬ್ಬಿಯನ್ನು ಸೀಟಿನ ಕೆಳಗೆ, ಕಾಲಿನಿಂದ ಒಳಕ್ಕೆ ಸರಿಸಿ ಇಳಿದಳು. ಬಸ್ಸು ಮುಂದಕ್ಕೆ ಹೋಯಿತು.

ಸಗುಣಾಬಾಯಿ ಬಾಗಿಲಲ್ಲೇ ಕೂತಿದ್ದಳು. ಮಗ್ಗಗಳ ಸದ್ದಿನಲ್ಲಿ ಗಂಟಲು ಏರಿಸಿ ಕೇಳಬೇಕಾಯಿತು.

"ಕೊಟ್ಟೇನು?"

"ಕೊಟ್ನಿರಿ."

"ಏನರೆ ಅಂದ್ಲೇನು?"

ಅತ್ತೆಯ ಕಣ್ಣು ತನ್ನ ಖಾಲಿ ಕೈಗಳನ್ನು ನೋಡಿ ಮತ್ತೆ ಮುಖಕ್ಕೆ ಬಂದದ್ದನ್ನು ವಿನೋದಿನಿ ಕಂಡಳು.

"ಏನೂ ಅನ್ನಲಿಲ್ರಿ. ಡಬ್ಬಿ ಇಸಗೊಂಡ್ಲು, ಪರದೆ ಎಳಕೊಂಡ್ಲು."

ಸಗುಣಾಬಾಯಿ ಮೊಣಕಾಲು ಹಿಡಿದು ಎದ್ದು ಒಳಗೆ ಹೋದಳು. ವಿನೋದಿನಿ ಚಪ್ಪಲಿ ಬಿಟ್ಟು ಕಾಲು ತೊಳೆದುಕೊಂಡಳು. ಕಾರ್ಡು ಬರೆದದ್ದನ್ನು, ಬಳೆ ಅಂಗಡಿಯ ಹತ್ತಿರ ಯಾರೂ ಏನೂ ಅನ್ನದೆ ಇದ್ದದ್ದನ್ನು, ಬಸ್ಸಿನಲ್ಲಿ ಬಿಟ್ಟುಬಂದ ಬೆಚ್ಚನೆಯ ಡಬ್ಬಿಯನ್ನು, ಗಂಡನಿಗಾಗಲಿ ಹೆತ್ತ ತಾಯಿಗಾಗಲಿ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲಿಯೇ, ಕಾಲ ಮೇಲೆ ನೀರು ಸುರಿದುಕೊಳ್ಳುತ್ತ ನಿರ್ಧರಿಸಿದಳು. ಪ್ರಾರ್ಥನೆಯಲ್ಲಿಯೂ ಹೇಳುವುದಿಲ್ಲ. ಆ ಮನೆಯಲ್ಲಿ ಪ್ರಾರ್ಥನೆ ಮಾಡುವಾಗ ಪಕ್ಕದಲ್ಲಿ ಯಾವಾಗಲೂ ಯಾರಾದರೂ ಇರುತ್ತಿದ್ದರು.